ಸೈನೈಡ್ ಗುಡ್ಡದ ಮೇಲೆ ಹಾರದ ವಿಮಾನ

ಬೇತಮಂಗಲದ ಕೆರೆಯ ನಡುವೆ ಒಂದು ವಿಮಾನ ಅಲ್ಲಾಡದೆ ನಿಂತಿದೆ, ಬಿದ್ದುಹೋಗಿರಬಹುದೇ ಎಂದು ಒಬ್ಬರು ಬರೆದಿದ್ದರು. ಬಿದ್ದಿಲ್ಲ, ನಿಮ್ಮ ಆಂಟೆನಾಕ್ಕೆ ಅದರ ಸಂಕೇತ ಸಿಗುವುದು ನಿಂತಿದೆ, ಕೊನೆಗೆ ಸಿಕ್ಕ ಜಾಗವನ್ನೇ ನಕ್ಷೆ ಸ್ವಲ್ಪ ಹೊತ್ತು ತೋರಿಸುತ್ತದೆ ಎಂದು ಉತ್ತರ ಕಳಿಸಿದೆ. ಇಂಥ ಉತ್ತರ ಬರೆಯುವುದೇ ನನ್ನ ಕೆಲಸ. ತಾರಸಿಯ ಮೇಲೆ ಆಂಟೆನಾ ಇಟ್ಟುಕೊಂಡು, ಆಕಾಶದಲ್ಲಿ ಹೋಗುವ ವಿಮಾನಗಳನ್ನು ಮೊಬೈಲಿನ ನಕ್ಷೆಯಲ್ಲಿ ನೋಡುವ ಪುಟ್ಟ ರಿಸೀವರ್‌ಗಳನ್ನು ಬೆಂಗಳೂರಿನ ಒಂದು ಸಣ್ಣ ಕಂಪನಿ ಮಾರುತ್ತದೆ. ಕೊಂಡವರ ಅನುಮಾನಗಳೆಲ್ಲ ಬಂಗಾರಪೇಟೆಯ ನನ್ನ ಮನೆಯ ಮೇಜಿಗೆ ಬರುತ್ತವೆ. ವಾರಕ್ಕೊಮ್ಮೆ ಬೆಳಗಿನ ರೈಲು ಹಿಡಿದು ಆಫೀಸಿಗೆ ಹೋಗಿ ಮುಖ ತೋರಿಸಿ ಬರುತ್ತೇನೆ.

ಅನುಮಾನಗಳು ಬಹುಮಟ್ಟಿಗೆ ಒಂದೇ ಬಗೆಯವು. ವಿಮಾನ ಐದು ಸಾವಿರ ಅಡಿಯಲ್ಲಿದೆ ಎನ್ನುತ್ತದೆ, ಆದರೆ ಕಣ್ಣಿಗೆ ಅದರ ಅರ್ಧದಷ್ಟು ಎತ್ತರದಲ್ಲಿ ಕಾಣುತ್ತದೆ: ಆ ಲೆಕ್ಕ ಸಮುದ್ರಮಟ್ಟದಿಂದ, ನಮ್ಮ ನೆಲವೇ ಮೂರು ಸಾವಿರ ಅಡಿಯ ಹತ್ತಿರ ಇದೆ. ವಿಮಾನ ಒಂದು ಕ್ಷಣ ಸಮುದ್ರಕ್ಕೆ ನೆಗೆದು ವಾಪಸು ಬಂತು: ವಿಮಾನ ತನ್ನ ಜಾಗವನ್ನು ಎರಡು ಬಗೆಯ ಸಂದೇಶಗಳಲ್ಲಿ ಸರದಿಯಂತೆ ಹೇಳುತ್ತದೆ, ಹಳೆಯದೊಂದು ಹೊಸದೊಂದು ಜೋಡಿಯಾದರೆ ಚುಕ್ಕೆ ಎಲ್ಲಿಗೋ ಹೋಗುತ್ತದೆ. ಇವಕ್ಕೆಲ್ಲ ನನ್ನ ಹತ್ತಿರ ಸಿದ್ಧ ಉತ್ತರಗಳಿದ್ದವು. ಹೆಸರು ಬದಲಿಸಿ ಕಳಿಸುತ್ತಿದ್ದೆ.

ಇವಲ್ಲದೆ ಇನ್ನೊಂದು ಬಗೆಯಿದೆ. ಕೆಲವು ವಿಮಾನಗಳು ತಾವೆಲ್ಲಿದ್ದೇವೆಂದು ಹೇಳುವುದೇ ಇಲ್ಲ, ಬರೀ ಒಂದು ಸಂಖ್ಯೆ ಮತ್ತು ಎತ್ತರವನ್ನು ಕೂಗುತ್ತವೆ. ಆಗ ಬೇರೆ ಬೇರೆ ಮನೆಗಳ ನಾಲ್ಕಾರು ರಿಸೀವರ್‌ಗಳು ಆ ಒಂದೇ ಕೂಗನ್ನು ಯಾವ ಯಾವ ಗಳಿಗೆಯಲ್ಲಿ ಕೇಳಿಸಿಕೊಂಡವು ಎಂಬ ವ್ಯತ್ಯಾಸದಿಂದ ನಮ್ಮ ಸರ್ವರ್ ಜಾಗವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಲ್ಲಿ ರೇಡಿಯೋ ಅಲೆ ಮುನ್ನೂರು ಮೀಟರು ಹೋಗಿಬಿಡುತ್ತದೆ. ಆದ್ದರಿಂದ ಪ್ರತಿ ರಿಸೀವರ್ ಎಲ್ಲಿದೆ ಎಂಬುದು ಸರ್ವರ್‌ಗೆ ಖಚಿತವಾಗಿ ಗೊತ್ತಿರಬೇಕು. ಈ ಸಾಲನ್ನು ನಾನು ನೂರಾರು ಜನಕ್ಕೆ ಬರೆದಿದ್ದೇನೆ.

ನಮ್ಮ ರಿಸೀವರ್‌ಗಳೆಲ್ಲ ಬೆಂಗಳೂರಿನ ಒಳಗೇ ಗುಂಪಾಗಿದ್ದವು. ಪೂರ್ವಕ್ಕೆ ಒಂದಾದರೂ ಬೇಕೆಂದು ಕಂಪನಿ ಹುಡುಕುತ್ತಿದ್ದಾಗ ಕೆಜಿಎಫ್‌ನಿಂದ ಒಬ್ಬರು ತಾವಾಗಿ ಕೇಳಿಕೊಂಡರು. ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು. ಶಾಫ್ಟಿನೊಳಗೆ ಜನರನ್ನು ಇಳಿಸುವ, ಹತ್ತಿಸುವ ಪಂಜರದಂಥ ಕೇಜು ಅವರ ಕೈಯಲ್ಲಿತ್ತು. ಊರು ಬೂದಿಕೋಟೆ ಕಡೆಯ ಹಳ್ಳಿ. ಗಣಿ ಮುಚ್ಚಿದ ಮೇಲೂ ಗಂಡ ಹೆಂಡತಿ ಲೈನ್ ಮನೆಯಲ್ಲೇ ಉಳಿದಿದ್ದರು. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಹಿಂದೆಯೇ ಸೈನೈಡ್ ಗುಡ್ಡ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಆ ಗುಡ್ಡ ಗಾಳಿ ಬೀಸಿದಾಗಲೆಲ್ಲ ಅವರ ತಟ್ಟೆಗೂ ಹಾಸಿಗೆಗೂ ಪುಡಿ ಉದುರಿಸುತ್ತಿತ್ತು.

ಹತ್ತಿರದವಳೆಂದು ನಾನೇ ಹೋಗಿ ರಿಸೀವರ್ ಪೆಟ್ಟಿಗೆ ಕೂರಿಸಿದೆ. ಎಪ್ಪತ್ತು ದಾಟಿದ ಆತ ಏಣಿ ಹತ್ತಿ, ಮನೆಯ ಶೀಟಿನ ಮಾಡಿನ ಅಂಚಿಗೆ ಆಂಟೆನಾದ ಕಂಬ ನಿಲ್ಲಿಸಿ, ಕಬ್ಬಿಣದ ತಂತಿಯಿಂದ ಎಂಥ ಗಾಳಿಗೂ ಅಲುಗದ ಹಾಗೆ ಬಿಗಿದರು. ಕೊನೆಗೆ ಮನೆಯ ಅಕ್ಷಾಂಶ ರೇಖಾಂಶ ತುಂಬಬೇಕಿತ್ತು.

“ಅಮ್ಮಾ, ಇಂಟರ್‌ನೆಟ್ಟಲ್ಲಿ ನಮ್ಮನೆ ಇಂತಾ ಕಡೆ ಅಂತ ಕಾಣ್ಸೋದು ಬ್ಯಾಡ. ಅಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ಯಾವನ್ ಕಣ್ಣಿಗೆ ಯಾಕ್ ಬೀಳ್ಬೇಕು?” ಎಂದರು.

ಅದಕ್ಕೆ ದಾರಿಯಿತ್ತು. ಖಚಿತ ಜಾಗವನ್ನು ಲೆಕ್ಕಕ್ಕೆ ಮಾತ್ರ ಕೊಟ್ಟು, ಜನ ನೋಡುವ ನಕ್ಷೆಯಿಂದ ಮರೆಮಾಡುವ ಇನ್ನೊಂದು ಪುಟ ತುಂಬಬೇಕು. ನನ್ನ ಫೋನಿನಲ್ಲಿ ಆ ಪುಟ ತೆರೆಯುತ್ತಿರಲಿಲ್ಲ, ನೆಟ್‌ವರ್ಕ್ ಕುಂಟುತ್ತಿತ್ತು, ಬಂಗಾರಪೇಟೆ ಬಸ್ಸಿನ ಹೊತ್ತಾಗಿತ್ತು. ದಶಾಂಶ ಬಿಂದುವಿನ ನಂತರ ಎರಡೇ ಅಂಕಿ ಉಳಿಸಿ ಮಿಕ್ಕಿದ್ದನ್ನು ಅಳಿಸಿದೆ. “ಈಗ ನಿಮ್ಮ ಏರಿಯಾ ಗೊತ್ತಾಗುತ್ತೆ, ಮನೆ ಗೊತ್ತಾಗಲ್ಲಣ್ಣ” ಎಂದೆ. ಮನೆಗೆ ಹೋಗಿ ಆ ಪುಟ ತುಂಬುವೆನೆಂದುಕೊಂಡು ಬಸ್ಸು ಹತ್ತಿದೆ. ತುಂಬಲಿಲ್ಲ.

ಅವರಿಗೆ ಆ ನಕ್ಷೆ ಹಿಡಿಸಿಬಿಟ್ಟಿತು. ಯಾವ ವಿಮಾನ ಎಲ್ಲಿಂದ ಎಲ್ಲಿಗೆ ಎಂದು ನೀರು ಹಿಡಿಯಲು ಬಂದವರಿಗೆಲ್ಲ ಹೇಳುತ್ತಿದ್ದರು. ಒಂದು ದಿನ ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಿಂತಿದ್ದಾಗ ಫೋನು ಬಂತು.

“ಅಮ್ಮಾ, ಒಂದು ವಿಮಾನ ನಮ್ ಲೈನ್ ಮೇಲೆ, ಗುಡ್ಡದ್ ಮೇಲೆ, ಒಲ ಉತ್ತಂಗೆ ಓಗ್ತಾ ಬತ್ತಾ ಐತೆ. ಎಸ್ರಿಲ್ಲ, ಬರೀ ನಂಬ್ರು. ಮೊನ್ನೇನೂ ಬಂದಿತ್ತು. ಯಾವ್ದಿದು?”

ರೈಲು ಪ್ಲಾಟ್‌ಫಾರ್ಮಿಗೆ ಬರುತ್ತಿತ್ತು. ಜನ ನುಗ್ಗಲು ಸಿದ್ಧರಾಗಿ ನನ್ನನ್ನು ಒತ್ತುತ್ತಿದ್ದರು. ನಕ್ಷೆ ತೆರೆದು ನೋಡದೆಯೇ ಹೇಳಿದೆ: “ಸರ್ಕಾರದ್ದೋ ಸರ್ವೆಯದ್ದೋ ಇರಬೇಕಣ್ಣ. ಅಂಥವು ಹೆಸರು ಹೇಳಲ್ಲ. ಸರ್ವೆಯವು ಹಾಗೇ ಸಾಲುಸಾಲಾಗಿ ಹಾರ್ತವೆ.”

“ಸರ್ವೇನಾ?” ಎಂದರು ಅವರು. ನಾನು ಹೂಂ ಎಂದು ಫೋನು ಇಟ್ಟೆ. ಸೀಟು ಸಿಕ್ಕಿತು.

ಕೆಜಿಎಫ್‌ನ ಲೈನ್‌ಗಳಲ್ಲಿ ಸರ್ವೆ ಎಂಬುದು ಹಗುರ ಮಾತಲ್ಲ. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಆ ಮನೆಗಳು ಯಾರವು, ಆ ಗುಡ್ಡ ಏನಾಗುತ್ತದೆ ಎಂಬ ಮಾತು ಅಲ್ಲಿ ಮುಗಿದಿಲ್ಲ. ಹನ್ನೆರಡು ಕಿಲೋಮೀಟರಿನಾಚೆ ಇರುವ ನನಗೂ ಅದು ಗೊತ್ತಿತ್ತು. ಆ ಕ್ಷಣಕ್ಕೆ ನೆನಪಾಗಲಿಲ್ಲ, ಅಷ್ಟೆ.

ಅಕ್ಟೋಬರ್ ಮಳೆ ಹಿಡಿದುಕೊಂಡಿತು. ಒಂದು ಬೆಳಿಗ್ಗೆ ನನ್ನ ಪಟ್ಟಿಯಲ್ಲಿ ಕೆಜಿಎಫ್ ಪೆಟ್ಟಿಗೆಯ ಹಸಿರು ಚುಕ್ಕೆ ಆರಿತ್ತು. ಕರೆಂಟು ಹೋಗಿರಬೇಕೆಂದು ಬಿಟ್ಟೆ. ಮಾರನೆಯ ದಿನವೂ ಆರಿತ್ತು. ಅಣ್ಣನಿಗೆ ಫೋನು ಮಾಡಿದರೆ ಪಕ್ಕದ ಮನೆಯ ಹೆಂಗಸು ಎತ್ತಿದರು. ತಮಿಳು ಮನೆಮಾತಿನ, ಬಟ್ಟೆ ಹೊಲಿಯುವ ಆಕೆಯನ್ನು ಪೆಟ್ಟಿಗೆ ಕೂರಿಸಿದ ದಿನ ನೋಡಿದ್ದೆ.

“ಗೋಡೆ ವಿಳ್ದುಬಿಡ್ತು ಮೇಡಂ. ಅಕ್ಕ ಒಳಗೆ ಒಲೆ ಹಚ್ತಾ ಇದ್ರು. ಕೋಲಾರಕ್ಕೆ ಕರ್ಕೊಂಡು ಹೋಗಿದಾರೆ.”

ಮಧ್ಯಾಹ್ನವೇ ಅವರ ಮನೆಗೆ ಹೋದೆ. ಅಡಿಗೆಮನೆಯ ಹಿಂಗೋಡೆ ಒಳಮುಖವಾಗಿ ಕುಸಿದು, ಒದ್ದೆ ಮಣ್ಣಿನ ರಾಶಿಯಲ್ಲಿ ಒಂದು ಪಾತ್ರೆಯ ಕಂಠ ಕಾಣುತ್ತಿತ್ತು. ನನ್ನ ಕಂಬ ನೆಟ್ಟಗೆ ನಿಂತಿತ್ತು. ಮುಂದಿನ ಗೋಡೆಗೆ ಒರಗಿಸಿಟ್ಟ ಸಿಮೆಂಟ್ ಇಟ್ಟಿಗೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು.

“ಇಟ್ಟಿಗೆ ತಂದಿಟ್ಟಿದಾರಲ್ಲ?” ಎಂದೆ.

“ಹೋದ ತಿಂಗಳೇ ಕಟ್ಟಬೇಕಿತ್ತು. ನಾವೂ ಶೀಟು ಬದಲಾಯಿಸಬೇಕಿತ್ತು. ಮೇಲೆ ಪ್ಲೇನ್ ಸರ್ವೆ ಆಗ್ತಾ ಇದೆ ಅಂದ್ರಲ್ಲ, ಹೆಂಗೂ ಒಡೀತಾರೆ, ಯಾಕೆ ಕಟ್ಟೋದು ಅಂತ ಇಡೀ ಲೈನ್ ಸುಮ್ನೆ ಆಯ್ತು.” ಆಕೆ ನನ್ನ ಮುಖ ನೋಡಿದರು. “ನೀವೇ ಹೇಳಿದ್ದಂತೆ.”

ಅಣ್ಣನ ಹೆಂಡತಿಯ ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿದಿತ್ತು. ಆಪರೇಷನ್ ಮಾಡಿದರು. ಕೋಲಾರದ ಆಸ್ಪತ್ರೆಯ ಬಾಗಿಲಲ್ಲಿ ಅಣ್ಣ ಸಿಕ್ಕರು. ಅವರೇ, “ಮಿಷಿನ್ ಆಫಾಗೋಗೈತೆ, ಓಗ್ತಿದ್ದಂಗೆ ಆನ್ ಮಾಡ್ತೀನಮ್ಮಾ” ಎಂದು ಸಮಾಧಾನ ಹೇಳಿದರು.

ಅಂದು ಸಂಜೆ ಮೊದಲ ಬಾರಿಗೆ ಆ ವಿಮಾನದ ಹಳೆಯ ದಾಖಲೆಗಳನ್ನು ತೆರೆದೆ. ಅಣ್ಣ ಹೇಳಿದ್ದು ನಿಜ. ಲೈನಿನ ಮೇಲೆ ಗರಗಸದ ಹಲ್ಲಿನಂತೆ ಗೆರೆಗಳು. ಸರ್ವೆ ಎಂದೇ ಯಾರಾದರೂ ಹೇಳಬೇಕು. ಆದರೆ ಎರಡು ಗೆರೆಗಳ ನಡುವಿನ ಹೊತ್ತು ನೋಡಿದೆ. ಅಷ್ಟು ದೂರವನ್ನು ಅಷ್ಟು ಹೊತ್ತಿನಲ್ಲಿ ದಾಟಲು ಯಾವ ವಿಮಾನಕ್ಕೂ ಆಗದು. ಅದು ಹಾರುತ್ತಿರಲಿಲ್ಲ, ನಮ್ಮ ಲೆಕ್ಕ ನೆಗೆಯುತ್ತಿತ್ತು.

ಕಣ್ಣಾರೆ ನೋಡದೆ ಹೇಳಬಾರದೆಂದು ತೀರ್ಮಾನಿಸಿದೆ. ಕೆಜಿಎಫ್ ಪೆಟ್ಟಿಗೆ ಮತ್ತೆ ಹತ್ತಿಕೊಂಡ ಮೇಲೆ, ಆ ಸಂಖ್ಯೆ ಕಾಣಿಸಿದಾಗಲೆಲ್ಲ ಫೋನು ಸದ್ದು ಮಾಡುವಂತೆ ಮಾಡಿಟ್ಟೆ. ಐದು ದಿನ ಬರಲಿಲ್ಲ. ಆರನೆಯ ದಿನ ಮೋಡ, ಏನೂ ಕಾಣಲಿಲ್ಲ. ಒಂಬತ್ತನೆಯ ದಿನ ಹತ್ತೂವರೆಗೆ ಸದ್ದಾಯಿತು. ತಾರಸಿಗೆ ಓಡಿದೆ. ನಕ್ಷೆಯ ಪ್ರಕಾರ ವಿಮಾನ ನನಗೆ ಪೂರ್ವದಲ್ಲಿ, ಸೈನೈಡ್ ಗುಡ್ಡದ ಮೇಲೆ ಗರಗಸ ಎಳೆಯುತ್ತಿತ್ತು. ಆ ಕಡೆ ಆಕಾಶ ಖಾಲಿ. ಬೆನ್ನ ಹಿಂದೆ ಸಣ್ಣ ಸದ್ದು. ತಿರುಗಿದರೆ ಪಶ್ಚಿಮದಲ್ಲಿ, ರೈಲು ಹಳಿಯ ದಿಕ್ಕಿನಲ್ಲಿ, ಟೇಕಲ್ ಕಡೆ, ಒಂದು ಸಣ್ಣ ಪ್ರೊಪೆಲ್ಲರ್ ವಿಮಾನ ತನ್ನಷ್ಟಕ್ಕೆ ನೇರವಾಗಿ ಉತ್ತರಕ್ಕೆ ಹೋಗುತ್ತಿತ್ತು. ಅದು ಮರೆಯಾಯಿತು. ಫೋನಿನ ಗರಗಸವೂ ನಿಂತಿತು.

ಆ ವಿಮಾನ ಲೈನಿನ ಮೇಲೆ ಒಮ್ಮೆಯೂ ಹಾರಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಹುಡುಕಲು ಮೂರು ವಾರ ಹಿಡಿಯಿತು. ಶೀಟಿನ ಕೆಳಗಿನ ಸೆಕೆಗೆ ಪೆಟ್ಟಿಗೆಯೊಳಗಿನ ಗಡಿಯಾರ ತಪ್ಪಾಗಿ ಓಡುತ್ತಿರಬಹುದೆಂದು ಹೊಸ ಪೆಟ್ಟಿಗೆ ಒಯ್ದು ಹಾಕಿದೆ. ಗರಗಸ ಹಾಗೇ ಇತ್ತು. ಅಡಾಪ್ಟರ್ ಬದಲಿಸಿದೆ. ಮಳೆನೀರು ಇಳಿದಿರಬಹುದೆಂದು ಕೇಬಲ್ ಕತ್ತರಿಸಿ ಹೊಸದಾಗಿ ಜೋಡಿಸಿದೆ. ಬೆಂಗಳೂರಿನ ರಿಸೀವರ್‌ಗಳನ್ನು ಒಂದೊಂದಾಗಿ ಲೆಕ್ಕದಿಂದ ತೆಗೆಸಿ ನೋಡಿದೆ, ಏನೂ ಬದಲಾಗಲಿಲ್ಲ. ಕೆಜಿಎಫ್ ಪೆಟ್ಟಿಗೆಯನ್ನು ತೆಗೆದರೆ ಮಾತ್ರ ವಿಮಾನ ಟೇಕಲ್ ಆಸುಪಾಸಿಗೆ ಹೋಗುತ್ತಿತ್ತು. ಸೇರಿಸಿದರೆ ಗುಡ್ಡದ ಮೇಲೆ ಬರುತ್ತಿತ್ತು. ಹಾರುತ್ತಿರುವಾಗ ಆ ಪೆಟ್ಟಿಗೆಗೆ ಕೂಗು ಒಮ್ಮೆ ಕೇಳಿ ಒಮ್ಮೆ ಕೇಳದಿದ್ದರೆ ಚುಕ್ಕೆ ಅಲ್ಲಿಂದಿಲ್ಲಿಗೆ ಎಗರುತ್ತಿತ್ತು. ಗರಗಸ ಹುಟ್ಟುತ್ತಿದ್ದುದು ಹೀಗೆ. ಆದರೆ ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ.

ಕೇಬಲ್ ಜೋಡಿಸಿದ ದಿನ ಅಕ್ಕನನ್ನು ಮನೆಗೆ ಕರೆತಂದಿದ್ದರು. ಮುಂದಿನ ಕೋಣೆಯ ಮಂಚದ ಮೇಲೆ ಮಲಗಿದ್ದರು. ಅಣ್ಣ ಹೊಸಿಲ ಮೇಲೆ ಕೂತು ನಾನು ಮಾಡುವುದನ್ನೇ ನೋಡುತ್ತಿದ್ದರು.

“ನನ್ಗೆ ಕಂಪ್ಯೂಟ್ರು ಗೊತ್ತಿಲ್ಲ. ಒಂದ್ ಮಾತ್ ಕೇಳ್ಲಾ?” ಎಂದರು.

“ಕೇಳಿ ಅಣ್ಣ.”

“ಎಂಜಿನ್ ಮನೆಯಾಗೆ ಕೂತ್ರೆ ನಮ್ಗೆ ಶಾಫ್ಟು ಕಾಣಾಕಿಲ್ಲ. ಕೇಜು ಎಲ್ಲೈತೆ ಅಂತ ಏಳಾಕೆ ಮುಂದ್ಗಡೆ ಒಂದು ಮುಳ್ಳು ಇರ್ತಿತ್ತು. ರೋಪಿನ ತುದಿ ಕತ್ತರಿಸಿ ಒಸ್ದಾಗಿ ಕಟ್ಟಿದ್ರೆ, ಮೊದ್ಲು ಕೇಜನ್ನ ಮೇಲ್ಗಡೆ ಬಾಯಿಗೆ ತಂದು ನಿಲ್ಸಿ, ಮುಳ್ಳನ್ನ ಸೊನ್ನೆಗೆ ಕೂರಿಸ್ಬೇಕು. ಆಮೇಲೇನೇ ಜನ. ಸೊನ್ನೆ ಒಂದ್ ಗೇಣು ತಪ್ಪಿದ್ರೂ ಕೆಳ್ಗಡೆ ಒಂದ್ ಗೇಣು ತಪ್ಪೇ. ಎಂಜಿನ್ನು ಚೆನ್ನಾಗೇ ಇರ್ತದೆ, ಬ್ರೇಕೂ ಚೆನ್ನಾಗೇ ಇರ್ತದೆ. ಈ ಮಿಷಿನ್‌ಗೆ ನೀವು ಸೊನ್ನೆ ಎಲ್ಲಿ ಕೂರ್ಸಿದ್ರಿ?”

ಸ್ಪ್ಯಾನರ್ ಕೆಳಗಿಟ್ಟೆ. ಪೆಟ್ಟಿಗೆ ಬದಲಿಸಿದಾಗಲೂ ಹಳೆಯ ಸೆಟ್ಟಿಂಗನ್ನೇ ಹೊಸದಕ್ಕೆ ನಕಲು ಮಾಡಿದ್ದೆ. ಫೋನಿನಲ್ಲಿ ಅಕ್ಷಾಂಶ ರೇಖಾಂಶದ ಪುಟ ತೆರೆದೆ. ದಶಾಂಶ ಬಿಂದುವಿನ ನಂತರ ಎರಡು ಅಂಕಿ, ನನ್ನ ಕೈಯಾರೆ ಬರೆದದ್ದು. ಕಂಬದ ಬುಡಕ್ಕೆ ಹೋಗಿ ನಿಂತು ಫೋನಿನ ಜಿಪಿಎಸ್ ಓದಿದೆ. ಎರಡರ ನಡುವೆ ಆರುನೂರು ಮೀಟರ್ ವ್ಯತ್ಯಾಸ. ಎಲ್ಲ ರಿಸೀವರ್‌ಗಳೂ ಒಂದೇ ದಿಕ್ಕಿನಲ್ಲಿ ಗುಂಪಾಗಿದ್ದು, ಪೂರ್ವದಲ್ಲಿ ಇದೊಂದೇ ಇದ್ದದ್ದರಿಂದ ಆ ಆರುನೂರು ಮೀಟರು ವಿಮಾನದ ಹತ್ತಿರಕ್ಕೆ ಹೋಗುವಷ್ಟರಲ್ಲಿ ಇಪ್ಪತ್ತು ಕಿಲೋಮೀಟರಿನ ಮೇಲಾಗಿ ಬೆಳೆಯುತ್ತಿತ್ತು.

ಅಲ್ಲೇ ಹೇಳಿಬಿಡಬಹುದಿತ್ತು. “ನೋಡ್ತೀನಿ ಅಣ್ಣ” ಎಂದಷ್ಟೇ ಹೇಳಿ ಬಸ್‌ಸ್ಟಾಂಡಿಗೆ ನಡೆದೆ. ಅದನ್ನೂ ಇಲ್ಲಿ ಬರೆಯಬೇಕು.

ಕಂಪನಿಯ ಮುಖ್ಯಸ್ಥರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕೆಟ್ಟ ಮನುಷ್ಯರಲ್ಲ. “ಮನೆಯಿಂದಲೇ ಅಂಕಿ ಸರಿಮಾಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆಯ್ತು ಅನ್ನಿ. ಗೋಡೆ ಬಿದ್ದದ್ದು ಮಳೆಗೆ. ನೀವು ಹೋಗಿ ನನ್ನಿಂದ ಅಂದ್ರೆ ಅವರಿಗೆ ಏನು ಸಿಗುತ್ತೆ?” ಎಂದರು.

ನಾನೂ ಅದನ್ನೇ ಕೇಳಿಕೊಂಡೆ. ಗೋಡೆ ಕಟ್ಟಿದ್ದರೂ ಆ ಮಳೆಗೆ ನಿಲ್ಲುತ್ತಿತ್ತೆಂದು ನಾನು ಸಾಬೀತು ಮಾಡಲಾರೆ. ಅಂಕಿ ಸರಿಮಾಡಲು ಮನೆಯಲ್ಲೇ ಕೂತು ಒಂದು ನಿಮಿಷ ಸಾಕು. ಎರಡು ದಿನ ಆ ಪುಟ ತೆರೆಯುವುದು, ಮುಚ್ಚುವುದು ಮಾಡಿದೆ. ಅಂಕಿ ಸರಿಯಾದರೆ ಗರಗಸ ಮಾಯವಾಗುತ್ತದೆ, ಆದರೆ ಲೈನಿನವರಿಗೆ ಸರ್ವೆ ಮುಗಿಯಿತೆಂದು ಅನಿಸುತ್ತದೆ. ಮುಗಿದ ಸರ್ವೆಗೆ ಅವರು ಇನ್ನೂ ಹೆದರುತ್ತಾರೆ. ಇದು ಹೊಳೆದ ಮೇಲೆ ಅಲ್ಲಿಗೆ ಹೋಗದೆ ಬೇರೆ ದಾರಿ ಕಾಣಲಿಲ್ಲ. ಭಾನುವಾರ ಎಲ್ಲರೂ ಸಿಗುತ್ತಾರೆ, ಬರುತ್ತೇನೆ ಎಂದು ಅಣ್ಣನಿಗೆ ತಿಳಿಸಿದೆ.

ನಲ್ಲಿಯ ಹತ್ತಿರ ಹದಿನೈದಿಪ್ಪತ್ತು ಜನ ಸೇರಿದ್ದರು. ನಾಲ್ಕು ಕಲ್ಲು ತೆಗೆದುಕೊಂಡು ನೆಲದ ಮೇಲಿಟ್ಟು ವಿವರಿಸಿದೆ. ಇವು ಬೆಂಗಳೂರಿನ ಪೆಟ್ಟಿಗೆಗಳು, ಇದು ನಮ್ಮದು, ಇದನ್ನು ನಾನು ತಪ್ಪು ಜಾಗದಲ್ಲಿ ತೋರಿಸಿದ್ದೆ, ಅದಕ್ಕೇ ಟೇಕಲ್ ಮೇಲಿನ ವಿಮಾನ ಇಲ್ಲಿ ಕಂಡಿತು. ಸರ್ವೆ ಎಂದದ್ದು ನೋಡದೆ ಆಡಿದ ಮಾತು. ತಪ್ಪು ನನ್ನದು.

ಹೊಲಿಗೆಯ ಆಕೆ ಕೇಳಿದರು: “ಹಾಗಾದ್ರೆ ಸರ್ವೆ ಆಗಲ್ವಾ?”

“ಅದು ನನಗೆ ಗೊತ್ತಿಲ್ಲಕ್ಕ. ಈ ವಿಮಾನ ಸರ್ವೆ ಮಾಡಿಲ್ಲ. ಅಷ್ಟು ಮಾತ್ರ ಗೊತ್ತು.”

ಹಿಂದೆ ನಿಂತಿದ್ದ ಒಬ್ಬರು ಮುಂದೆ ಬಂದರು. “ಅವತ್ತು ಐತೆ ಅಂದ್ರಿ. ಇವತ್ತು ಇಲ್ಲ ಅಂತೀರ. ಇಂಗೆ ಏಳು ಅಂತ ಯಾರು ಕಳ್ಸಿದ್ರು ನಿಮ್ಮನ್ನ?”

“ಯಾರೂ ಕಳಿಸಿಲ್ಲ. ನಮ್ಮ ಕಂಪನಿಯವರೇ ಹೋಗಬೇಡ ಅಂದ್ರು.”

“ಅದೇ ಮತ್ತೆ. ಓಗ್ಬ್ಯಾಡ ಅಂದಿದಾರೆ ಅಂದ್ರೆ ಏನೋ ಐತೆ.”

ನಾನು ಹೇಳಿದ ಒಂದೊಂದು ನಿಜವೂ ಅವರ ಕೈಯಲ್ಲಿ ತಿರುಗಿ ನಿಲ್ಲುತ್ತಿತ್ತು. ಎಲ್ಲರ ಎದುರಿಗೇ ಪೂರ್ತಿ ಅಂಕಿಗಳನ್ನು ತುಂಬಿ, ಜನರ ನಕ್ಷೆಯಿಂದ ಮನೆಯನ್ನು ಮರೆಮಾಡುವ ಪುಟವನ್ನೂ ತುಂಬಿದೆ. ಈಗ ವಿಮಾನ ಬಂದರೆ ನೀವೇ ನೋಡಿ ಎಂದೆ. ಒಂದು ಗಂಟೆ ಕಾದೆವು. ಭಾನುವಾರ ಅದು ಹಾರುವುದಿಲ್ಲವೋ ಏನೋ, ಬರಲಿಲ್ಲ. ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಹೋದರು. ಮುಂಚೆ ನನ್ನನ್ನು ಕಂಡರೆ ಕಾಫಿ ಕುಡಿದು ಹೋಗಿ ಎನ್ನುತ್ತಿದ್ದ ಮನೆಗಳವು.

ಅಣ್ಣ ಮಾತ್ರ ನಾನಿಟ್ಟ ಕಲ್ಲುಗಳನ್ನು ನೋಡುತ್ತಾ ನಿಂತಿದ್ದರು. ಅವರಿಗೆ ಪೂರ್ತಿ ಅರ್ಥವಾಗಿತ್ತೆಂದು ನನಗೆ ಗೊತ್ತಿತ್ತು. ಬೈದಿದ್ದರೆ ಹಗುರವಾಗುತ್ತಿತ್ತು.

“ಮುಳ್ಳು ತಪ್ಪು ತೋರ್ಸಿದ್ರೆ ಕೆಳ್ಗಡೆ ಓಗೋರಿಗೆ ಗೊತ್ತಾಗಾಕಿಲ್ಲಮ್ಮಾ,” ಎಂದರು. “ನಂಬ್ಕೊಂಡು ಕೇಜ್ ಅತ್ತವ್ರೆ. ಅದ್ಕೇ ನಾನು ಸೊನ್ನೆ ದಿನಾ ನೋಡ್ತಿದ್ದೆ.”

ಮಂಗಳವಾರ ಬೆಳಿಗ್ಗೆ ಫೋನು ಸದ್ದು ಮಾಡಿತು. ನಕ್ಷೆಯಲ್ಲಿ ಟೇಕಲ್ ಮೇಲೆ ಒಂದು ನೆಟ್ಟಗಿನ ಗೆರೆ ಉತ್ತರಕ್ಕೆ ಎಳೆದುಕೊಂಡು ಹೋಯಿತು. ಅಣ್ಣನೂ ನೋಡಿದರಂತೆ, ಹೊಲಿಗೆಯ ಆಕೆಗೂ ತೋರಿಸಿದರಂತೆ. ಆಕೆ ಆ ವಾರ ಶೀಟು ಬದಲಾಯಿಸಿಕೊಂಡರು. ಅಣ್ಣ ಹಿಂಗೋಡೆ ಕಟ್ಟಿಸಿದರು. ಲೈನಿನ ಉಳಿದವರು ಈಗಲೂ ಏನನ್ನೂ ಕಟ್ಟುತ್ತಿಲ್ಲ. ಅವರ ಮಟ್ಟಿಗೆ ಆ ವಿಮಾನ ಬಂದು ಹೋಗಿದೆ.

ಗೋಡೆ ಮುಗಿದ ದಿನ ಅಕ್ಕನನ್ನು ನೋಡಲು ಹೋದೆ. ಇಷ್ಟು ದಿನ ಅವರೊಡನೆ ಈ ವಿಷಯ ಆಡುವ ಧೈರ್ಯವಾಗಿರಲಿಲ್ಲ. ಮಂಚದ ಅಂಚಿನಲ್ಲಿ ಕೂತಿದ್ದರು, ಕೈಯ ಹತ್ತಿರ ಅಲ್ಯೂಮಿನಿಯಮ್ಮಿನ ವಾಕರ್ ಇತ್ತು. ನಾನು ಶುರು ಮಾಡುವ ಮುಂಚೆ ಅವರೇ ಕೇಳಿದರು.

“ಇವ್ರು ಏಳಿದ್ರು. ಎಷ್ಟು ದೂರ ತಪ್ಪಿತ್ತಮ್ಮಾ?”

“ಆರುನೂರು ಮೀಟರು, ಅಕ್ಕ.”

ಅವರು ಗಂಡನ ಕಡೆ ತಿರುಗಿದರು. “ಅಂದ್ರೆ ಎಲ್ಲಿಗಂಟ ಆಯ್ತದೆ?”

“ರೇಷನ್ ಅಂಗಡಿಗಂಟ,” ಎಂದರು ಅಣ್ಣ.

ಅಕ್ಕ ಬಾಗಿಲಾಚೆ ರಸ್ತೆಯನ್ನು ನೋಡಿದರು. ಲೆಕ್ಕ ಹಾಕುತ್ತಿರುವಂತಿತ್ತು.

“ಅಷ್ಟು ದೂರ ಇನ್ನು ನನ್ ಕೈಲಾಗಾಕಿಲ್ಲ,” ಎಂದರು.